ಒಂದೂ ಸುಳ್ಳಿಲ್ಲದ ಅಫಿಡವಿಟ್ಟು

ಹೊಸಪೇಟೆ ಕೋರ್ಟಿನ ಎದುರಿನ ಒಂದು ವಕೀಲರ ಆಫೀಸಿಗೆ ಟೈಪಿಸ್ಟಾಗಿ ಸೇರಿ, ಟೈಪಿಸ್ಟಾಗಿಯೇ ನಿವೃತ್ತಳಾದವಳು ನಾನು. ನಡುವೆ ಬಡ್ತಿ ಗಿಡ್ತಿ ಏನೂ ಬರಲಿಲ್ಲ. ಒಂದು ಸಲ ಕುರ್ಚಿ ಬದಲಾಯಿತು, ಅದೂ ಹಳೆಯದರ ಕಾಲು ಮುರಿದಿದ್ದರಿಂದ. ಈಗ ನನ್ನ ಜಾಗಕ್ಕೆ ಬಂದಿರುವ ಹುಡುಗಿ ಆಗಾಗ ಫೋನು ಮಾಡುತ್ತಾಳೆ. "ಮೇಡಂ, ಫ್ಯಾಮಿಲಿ ಕೋರ್ಟ್ ಅಫಿಡವಿಟ್ ಹೆಂಗ ಮಾಡೋದು, ಒಂಚೂರು ಹೇಳ್ರಿ" ಎನ್ನುತ್ತಾಳೆ. ಫೋನಿನಲ್ಲಿ ಹೇಳುವ ವಿಷಯವಲ್ಲ ಅದು. ಅವಳಿಗೂ, ಅವಳಂತೆ ಈ ಕೆಲಸಕ್ಕೆ ಹೊಸದಾಗಿ ಬರುವ ಬಡಪಾಯಿಗಳಿಗೂ ಉಪಯೋಗವಾಗಲಿ ಎಂದು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಅಫಿಡವಿಟ್ ಎಂದರೇನು ಎಂದು ತಿಳಿದುಕೊಳ್ಳಿ. 'ದೇವರ ಹೆಸರಿನಲ್ಲಿ ಪ್ರಮಾಣ ಮಾಡಿ ಸತ್ಯವನ್ನೇ ಹೇಳುತ್ತೇನೆ' ಎಂದು ಮೊದಲ ಸಾಲಿನಲ್ಲಿ ಬರೆದು, ಎರಡನೆಯ ಸಾಲಿನಿಂದ ಸುಳ್ಳು ಶುರು ಮಾಡುವ ಕಾಗದಕ್ಕೆ ಅಫಿಡವಿಟ್ ಎನ್ನುತ್ತಾರೆ. ಕೊನೆಯ ಸಾಲಿನಲ್ಲಿ 'ಮೇಲಿನದನ್ನೆಲ್ಲ ನನಗೆ ಓದಿ ಹೇಳಲಾಗಿ, ತಿಳಿದು, ಒಪ್ಪಿ ಸಹಿ ಮಾಡಿದ್ದೇನೆ' ಎಂದಿರುತ್ತದೆ. ಓದಿ ಹೇಳಿದವರು ಯಾರು ಎಂದು ಕೇಳಬೇಡಿ. ಅದರ ಕೆಳಗೆ 'ನನ್ನ ಸಮಕ್ಷಮ' ಎಂದು ನೋಟರಿಯ ಸೀಲು ಬೀಳುತ್ತದೆ. ನಮ್ಮ ಪಾಲಿನ ನೋಟರಿಯವರು ಕೋರ್ಟಿನ ಆವರಣದ ಬೇವಿನ ಮರದ ಕೆಳಗೆ ಕೂರುತ್ತಿದ್ದರು. ಸಹಿ ಮಾಡಿದವರ ಮುಖ ನೋಡುವ ಕೆಟ್ಟ ಚಟ ಅವರಿಗೆ ಎಂದೂ ಇರಲಿಲ್ಲ. ಅವರು ಊರಲ್ಲಿಲ್ಲದ ದಿನವೂ ಅವರ ಸಮಕ್ಷಮದಲ್ಲಿ ಎಷ್ಟೋ ಸಹಿಗಳು ಸಲೀಸಾಗಿ ನಡೆದುಹೋಗುತ್ತಿದ್ದವು.

ನಮ್ಮ ಸಾಹೇಬರು, ಅಂದರೆ ವಕೀಲರು, ಕೆಟ್ಟವರೇನಲ್ಲ. ಅವರಿಗೆ ಅವಸರ, ಅಷ್ಟೇ. ಗಂಡಹೆಂಡಿರ ಜಗಳವೆಲ್ಲ ಒಂದೇ ಎಂದು ಅವರು ಬಹಳ ಹಿಂದೆಯೇ ತೀರ್ಮಾನಿಸಿಬಿಟ್ಟಿದ್ದರು. ಹಾಗಾಗಿ ನಮ್ಮಲ್ಲಿ ಹೆಂಡತಿಯ ಕಡೆಗೊಂದು, ಗಂಡನ ಕಡೆಗೊಂದು ಅಫಿಡವಿಟ್ ಸದಾ ಸಿದ್ಧವಾಗಿರುತ್ತಿತ್ತು. ಹೆಂಡತಿಯದರಲ್ಲಿ ಗಂಡ ಕುಡಿಯುತ್ತಿದ್ದ, ಕೂದಲು ಹಿಡಿದು ಎಳೆದಾಡುತ್ತಿದ್ದ, ಅತ್ತೆ ಹೊಟ್ಟೆಗೆ ಹಾಕುತ್ತಿರಲಿಲ್ಲ. ಗಂಡನದರಲ್ಲಿ ಹೆಂಡತಿಗೆ ಅಡಿಗೆ ಬರುತ್ತಿರಲಿಲ್ಲ, ಮಾತೆತ್ತಿದರೆ ತವರಿಗೆ ಓಡುತ್ತಿದ್ದಳು, ವಯಸ್ಸಾದ ಅತ್ತೆ ಮಾವನಿಗೆ ಮರ್ಯಾದೆ ಕೊಡುತ್ತಿರಲಿಲ್ಲ. ಕಕ್ಷಿದಾರರು ಬಂದು ಕುಳಿತು, ತಮ್ಮ ಕಥೆ ಹೇಳಿಕೊಂಡು ಅಳುತ್ತಿದ್ದರು. ಸಾಹೇಬರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಎಲ್ಲ ಮುಗಿದ ಮೇಲೆ ನನ್ನತ್ತ ತಿರುಗಿ, "ಅದನ್ನ ಹಾಕಿಬಿಡವ್ವಾ" ಎನ್ನುತ್ತಿದ್ದರು. ಯಾವ ಕಥೆ ಹೇಳಿದರೂ ಹಾಕುವುದು ಅದನ್ನೇ.

ಟೈಪ್‌ರೈಟರಿನ ಕಾಲದಲ್ಲಿ ಪ್ರತಿ ಸಲ ಹೊಸದಾಗಿ ಬಡಿಯಬೇಕಿತ್ತು. ಬೆರಳು ನೋಯುತ್ತಿದ್ದುದರಿಂದ ಸುಳ್ಳುಗಳೂ ಚಿಕ್ಕದಾಗಿ, ಚೊಕ್ಕವಾಗಿ ಇರುತ್ತಿದ್ದವು. ಕಂಪ್ಯೂಟರ್ ಬಂದ ಮೇಲೆ ಸುಳ್ಳಿಗೆ ಶ್ರಮವೇ ಇಲ್ಲದಂತಾಯಿತು. ಒಮ್ಮೆ ನಮ್ಮ ಜೂನಿಯರ್ ವಕೀಲರೊಬ್ಬರು, ಕೋಟು ಹೊಸದು, ಹುರುಪೂ ಹೊಸದು, ಗಂಡನ ಕಡೆಯ ಕೇಸಿಗೆ ಹೆಂಡತಿಯ ಫೈಲನ್ನು ಕಾಪಿ ಮಾಡಿ, ಹೆಸರೊಂದನ್ನು ಬದಲಿಸಿ ಪ್ರಿಂಟ್ ಕೊಟ್ಟುಬಿಟ್ಟರು. ಕಕ್ಷಿದಾರ ದಪ್ಪ ಮೀಸೆಯ ಲಾರಿ ಮಾಲೀಕ; ತಲೆಯಲ್ಲಿ ಹೆಸರಿಗೂ ಒಂದು ಕೂದಲಿಲ್ಲ. ಆತ ಸಹಿ ಹಾಕಿದ, ನೋಟರಿ ಸೀಲು ಹಾಕಿದರು. ಪಾಟೀಸವಾಲಿನ ದಿನ ಎದುರು ವಕೀಲರು ಎದ್ದು, "ನಿಮ್ಮ ಕೂದಲು ಹಿಡಿದು ಎಳೆದಾಡಿ, ತವರಿನವರು ಹಾಕಿದ ಬಂಗಾರ ಕಿತ್ತುಕೊಂಡರು ಅಂತ ಬರೆಸೀರಲ್ಲ, ಯಾವ ಕೂದಲು ಅಂತ ಕೋರ್ಟಿಗೆ ತೋರಿಸ್ತೀರೇನು?" ಎಂದು ವಿನಯದಿಂದ ಕೇಳಿದರು. ಆತ ತಲೆ ಸವರಿಕೊಂಡು, "ಆವಾಗ ಇತ್ರಿ" ಎಂದ. ನ್ಯಾಯಾಧೀಶರು ಫೈಲಿನಿಂದ ಮುಖ ಮುಚ್ಚಿಕೊಂಡರು. ಸಾಹೇಬರು ಜೂನಿಯರ್‌ಗೆ ಏನೂ ಅನ್ನಲಿಲ್ಲ, ನನಗೆ ಬೈದರು. ಆಫೀಸುಗಳಲ್ಲಿ ಪದ್ಧತಿ ಹಾಗೇ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಆಮೇಲೆ ಜೀವನಾಂಶದ ಕೇಸುಗಳಲ್ಲಿ ಇಬ್ಬರೂ ತಮ್ಮ ಆಸ್ತಿ, ಆದಾಯದ ಅಫಿಡವಿಟ್ ಕೊಡಬೇಕೆಂದು ಹೊಸ ಕ್ರಮ ಬಂತು. ಅಲ್ಲಿಗೆ ನಮ್ಮ ಸೀಮೆಗೆ ಬಡತನ ಬಂತು. ಮದುವೆಯ ಮಾತುಕತೆಯಲ್ಲಿ ಕಾಲುವೆ ನೀರಿನ ಗದ್ದೆ, ತೋರಣಗಲ್ಲಿನಲ್ಲಿ ಪ್ಲಾಟು ಎಂದು ಎದೆಯುಬ್ಬಿಸಿದ್ದ ಗಂಡುಗಳೆಲ್ಲ ನಮ್ಮ ಆಫೀಸಿನ ಮೆಟ್ಟಿಲು ಹತ್ತುತ್ತಲೇ ಕೂಲಿಗಳಾಗಿಬಿಡುತ್ತಿದ್ದರು. ಕಂಪ್ಲಿಯ ಅಕ್ಕಿ ಗಿರಣಿ ಮಾಲೀಕರ ಮಗನೊಬ್ಬ ತಾನು ಅಪ್ಪನ ಗಿರಣಿಯಲ್ಲಿ ಹಮಾಲಿ ಮಾಡಿ ಹೊಟ್ಟೆ ಹೊರೆಯುತ್ತಿದ್ದೇನೆಂದು ಪ್ರಮಾಣ ಮಾಡಿದ. ನ್ಯಾಯಾಧೀಶರು ಅವನ ಬಿಳಿ ಅಂಗಿ ನೋಡಿ, "ಚೀಲ ಹೆಂಗ ಎತ್ತತೀರಿ? ಬೆನ್ನ ಮೇಲೋ, ಹೆಗಲ ಮೇಲೋ?" ಎಂದು ಕೇಳಿದರು. ಆತ ಸ್ವಲ್ಪ ಯೋಚಿಸಿ, "ನಮ್ಮ ಹಮಾಲರನ್ನ ಕೇಳಿ ಹೇಳ್ತೀನ್ರಿ ಸಾರ್" ಎಂದ. ಪಾಪ, ಅಷ್ಟು ಪ್ರಾಮಾಣಿಕ ಉತ್ತರ ಆ ಅಫಿಡವಿಟ್ಟಿನಲ್ಲಿ ಎಲ್ಲೂ ಇರಲಿಲ್ಲ.

ಹಂಪಿಯಿಂದ ಒಂದು ಜೋಡಿ ಬಂದಿತ್ತು. ಇಬ್ಬರೂ ಒಪ್ಪಿ ವಿಚ್ಛೇದನ ಪಡೆಯುವವರು. 'ಒಂದು ವರ್ಷದಿಂದ ಬೇರೆ ಬೇರೆ ವಾಸವಾಗಿದ್ದೇವೆ' ಎಂದು ಬರೆಯಬೇಕು. ಒಂದೇ ಬೈಕಿನಲ್ಲಿ ಬಂದಿದ್ದೀರಲ್ಲ ಎಂದು ಕೇಳಿದರೆ ಆಕೆ, "ಬ್ಯಾರೇನ ಅದೀವ್ರಿ ಮೇಡಂ. ಆತ ಮಾಳಿಗಿ ಮ್ಯಾಲೆ ಮಲಗ್ತಾನ, ನಾ ಒಳಗ" ಎಂದಳು. ಸಾಹೇಬರು ಕಣ್ಣು ತೆರೆಯದೆ, "ಅದನ್ನ ಹಾಕಿಬಿಡವ್ವಾ" ಎಂದರು.

ಇಷ್ಟು ಹೇಳಿದ್ದು ಯಾಕೆಂದರೆ, ಇಂಥ ಆಫೀಸಿಗೆ ಒಂದು ದಿನ ಗಾದಿಗನೂರಿನ ಹನುಮಕ್ಕ ಬಂದು ಕುಳಿತಳು.

ಕೇಸು ಅವಳದಲ್ಲ, ಅವಳ ಸೊಸೆ ಮಂಜುಳಾಳದು. ಹನುಮಕ್ಕನ ಒಬ್ಬನೇ ಮಗ ಪಂಪಾಪತಿ ಸಂಡೂರಿನ ಗಣಿಗಳಲ್ಲಿ ಟಿಪ್ಪರ್ ಓಡಿಸುತ್ತಿದ್ದ. ಅಲ್ಲೇ ಒಂದು ಮನೆ ಮಾಡಿಕೊಂಡ. ಮೊದಲು ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದವನು ಹಬ್ಬಕ್ಕೆ ಮಾತ್ರ ಬರತೊಡಗಿದ, ಆಮೇಲೆ ಹಬ್ಬಕ್ಕೂ ಇಲ್ಲ. ಹೆಂಡತಿ, ಶಾಲೆಗೆ ಹೋಗುವ ಮಗಳು, ತಾಯಿ ಮೂವರೂ ಗಾದಿಗನೂರಿನಲ್ಲಿ ಬೇರೆಯವರ ಹೊಲದ ಕೂಲಿಯ ಮೇಲೆ ನಿಂತಿದ್ದರು. ಮಂಜುಳಾ ಜೀವನಾಂಶಕ್ಕೆ ಅರ್ಜಿ ಹಾಕಿದಳು. ಪಂಪಾಪತಿಯ ಉತ್ತರ ಬಂತು: ನನಗೆ ಕೆಲಸವಿಲ್ಲ, ಅವಳೇ ನನ್ನನ್ನು ಬಿಟ್ಟಳು. ಗುತ್ತಿಗೆದಾರನ ಕೈಕೆಳಗಿನ ಕೆಲಸ, ಸಂಬಳ ಕೈಗೆ ಕೊಡುತ್ತಾರೆ, ಕಾಗದ ಪತ್ರ ಏನೂ ಇಲ್ಲ. ಊರಿನವರೆಲ್ಲ ಮಂಜುಳಾಳಿಗೆ ಅಯ್ಯೋ ಪಾಪ ಎಂದವರೇ. ಕೋರ್ಟಿಗೆ ಬಂದು ಹೇಳಿ ಎಂದರೆ ಎಲ್ಲರಿಗೂ ಅವತ್ತೇ ಕೆಲಸ. ಉಳಿದ ಸಾಕ್ಷಿ ಒಂದೇ, ಹೆತ್ತ ತಾಯಿ. ಅವಳು ಹೇಳಿದರೆ ಆ ಹುಡುಗಿಯ ಅನ್ನ, ಶಾಲೆ ಉಳಿಯುತ್ತದೆ. ಹೇಳದಿದ್ದರೆ ಕೇಸು ಬಿದ್ದ ಹಾಗೇ.

ಸಾಹೇಬರು ಎಂದಿನಂತೆ ಕಣ್ಣು ಮುಚ್ಚಿ ಕೇಳಿ, ಎಂದಿನಂತೆ ಹೇಳಿದರು. ನಾನೂ ಎಂದಿನಂತೆ ಹಾಕಿದೆ. ಪ್ರಿಂಟ್ ತೆಗೆದು, ಹೆಬ್ಬೆಟ್ಟಿನ ಇಂಕ್ ಪ್ಯಾಡ್ ಮುಂದಿಟ್ಟೆ.

ಹನುಮಕ್ಕ ಹೆಬ್ಬೆಟ್ಟು ಎತ್ತಿದವಳು ಅಲ್ಲೇ ನಿಲ್ಲಿಸಿದಳು. "ಇದು ಏನ್ರಿ ಮೇಡಂ? ಆಣೀನ?"

"ಆಣೆ ಇದ್ದಂಗ ಯಮ್ಮಾ. ಹೇಳಿದ್ದೆಲ್ಲ ಖರೆ ಅಂತ."

"ಯಾರ ಮ್ಯಾಲೆ?"

"ದೇವರ ಮ್ಯಾಲೆ."

"ದೇವರ ಮ್ಯಾಲೆ ಊರ ಮಂದಿ ಎಲ್ಲಾ ಆಣಿ ಮಾಡ್ತಾರ, ಆತ ಯಾರದಂತ ನೋಡ್ತಾನ? ನಮ್ಮನ್ಯಾಗ ಆಣಿ ಅಂದ್ರ ಪಂಪಾಪತಿ ಮ್ಯಾಲೆ. ಆತ ಹುಟ್ಟಿದಾಗಿಂದ ನಂದು ಅದೊಂದ ಆಣಿ." ಅವಳು ಹೆಬ್ಬೆಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ಮಗನ ತಲಿ ಮ್ಯಾಲೆ ಕೈ ಇಟ್ಟು ಸುಳ್ಳು ಹೇಳಿದ್ರ ಮಗ ಉಳಿಯಂಗಿಲ್ಲ. ಏನು ಬರದೀರಿ, ಒಂದ್ಸಲ ಓದ್ರಿ."

ನಮ್ಮ ಆಫೀಸಿನಲ್ಲಿ 'ಓದಿ ಹೇಳಲಾಗಿ' ಎಂಬ ಕೊನೆಯ ಸಾಲಿಗೆ ಮರ್ಯಾದೆ ಕೊಟ್ಟ ಮೊದಲ ವ್ಯಕ್ತಿ ಅವಳೇ. ನಾನು ಓದಿದೆ. ಪಂಪಾಪತಿ ದಿನಾ ಕುಡಿದು ಬಂದು ಹೆಂಡತಿಯನ್ನು ಹೊಡೆಯುತ್ತಿದ್ದ ಎಂಬಲ್ಲಿಗೆ ಬಂದೆ.

"ಹೊಡದಿಲ್ರಿ" ಎಂದಳು ಹನುಮಕ್ಕ.

"ಒಮ್ಮೆನೂ?"

"ಒಂದ್ಸಲ ಕೈ ಎತ್ತಿದ್ದ. ನಾ ನಡುವ ಬಂದೆ, ಕೈ ಇಳಿಸಿದ. ದಿನಾ ಕುಡೀತಿರಲಿಲ್ಲ, ಹಬ್ಬದಾಗ ಕುಡೀತಿದ್ದ. ಹಂಗ ಬರೀರಿ."

ಮುಂದಿನ ಸಾಲು ಓದಿದೆ. ಅತ್ತೆಯಾದವಳು ಅರ್ಜಿದಾರಳಿಗೆ ಊಟ ಹಾಕದೆ ಉಪವಾಸ ಕೆಡವುತ್ತಿದ್ದಳು. ಓದಿ ಮುಗಿಸಿದ ಮೇಲೆ ನನಗೇ ತಿಳಿಯಿತು, ಆ ಅತ್ತೆ ನನ್ನ ಎದುರೇ ಕುಳಿತಿದ್ದಾಳೆಂದು. ಸಿದ್ಧ ಅಫಿಡವಿಟ್ಟಿನಲ್ಲಿ ಅತ್ತೆ ಒಳ್ಳೆಯವಳಾಗುವುದಕ್ಕೆ ಅವಕಾಶವೇ ಇರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಮಂಜುಳಾ ಬಿಕ್ಕಿದಳೋ ನಕ್ಕಳೋ ಗೊತ್ತಾಗಲಿಲ್ಲ. ಹನುಮಕ್ಕ ಮಾತ್ರ ಗಂಭೀರವಾಗಿ ಕೇಳಿದಳು, "ಇದನ್ನ ಬರದ್ರ ಇಕಿಗೆ ಅನುಕೂಲ ಐತೇನ್ರಿ? ನನಗ ಏನು ಬೈದ್ರೂ ನಡೀತೈತಿ. ಆದ್ರ ಆಣಿ..."

"ಅತ್ತಿ, ಬ್ಯಾಡ ಬಿಡ್ರಿ" ಎಂದಳು ಮಂಜುಳಾ. "ಆತಗ ಏನರ ಆದ್ರ ನಾ ಆ ರೊಕ್ಕಾ ತಗೊಂಡು ಏನು ಮಾಡ್ಲಿ? ಮನಿಗೆ ಹೋಗೋಣ ನಡೀರಿ."

"ಸುಮ್ಮಕ ಕುಂದ್ರು. ಖರೇ ಹೇಳಿದ್ರ ಆತಗ ಏನೂ ಆಗಂಗಿಲ್ಲ. ಅದಕ್ಕ ಓದಿಸಾಕತ್ತೀನಿ."

ಸಾಹೇಬರಿಗೆ ಸುದ್ದಿ ಮುಟ್ಟಿತು. ಒಳಗಿನಿಂದ ಬಂದರು. ಕಕ್ಷಿದಾರರು ಅಫಿಡವಿಟ್ ಓದಿಸಿಕೊಳ್ಳುತ್ತಿದ್ದಾರೆಂದರೆ ಅವರಿಗೆ ಅದು ತಮ್ಮ ಮೇಲಿನ ಅಪನಂಬಿಕೆ. ನಗುತ್ತಲೇ ಹೇಳಿದರು, "ನೋಡವ್ವಾ, ಇವೆಲ್ಲ ಇದ್ರನ ಕೇಸಿಗೆ ತೂಕ. ಹೋಗಲಿ, ಸಂಡೂರಿನಾಗ ಇನ್ನೊಬ್ಬಾಕಿ ಅದಾಳಲ್ಲ, ಅದಾದ್ರೂ ಹೇಳ್ತೀಯಲ್ಲ?"

"ನಾ ನೋಡಿಲ್ರಿ."

"ಊರಿಗೆಲ್ಲಾ ಗೊತ್ತೈತಿ!"

"ಊರು ಊರಿನ ಮಗನ ಮ್ಯಾಲೆ ಆಣಿ ಮಾಡ್ಲಿ. ನಾ ನೋಡಿದ್ದು ಹೇಳ್ತೀನಿ. ಬಸ್ಸಿಗೆ ಸಂಡೂರಿಗೆ ಹೋಗಿದ್ದೆ. ಬಾಗಿಲದಾಗ ನಿಂತ. ಹಗ್ಗದ ಮ್ಯಾಲೆ ಒಂದು ಸೀರಿ ಒಣಗಾಕತ್ತಿತ್ತು. ಒಳಗ ಬಾ ಅನಲಿಲ್ಲ. ನೀರು ಕೊಟ್ಟ. ಇನ್ನ ಬರಬ್ಯಾಡ ಯವ್ವಾ, ನಾ ಬರಂಗಿಲ್ಲ ಅಂದ. ಮನಿ ಮುಂದ ಟಿಪ್ಪರ್ ನಿಂತಿತ್ತು. ಅಷ್ಟು ಬರೀರಿ." ಮತ್ತೆ ಸೇರಿಸಿದಳು, "ನೀರು ಕೊಟ್ಟಿದ್ದೂ ಬರೀರಿ. ನನಗ ಜ್ವರ ಬಂದು ಎಚ್ಚರ ತಪ್ಪಿದಾಗ ಹೊತಗೊಂಡು ದವಾಖಾನಿಗೆ ಒಯ್ದಿದ್ದ, ಅದನೂ ಬರೀರಿ."

"ಅದು ಎದುರು ಪಾರ್ಟಿಗೆ ಅನುಕೂಲ ಆಗೋ ಮಾತು ತಾಯಿ!"

"ಅರ್ಧಾ ಖರೇ ಹೇಳಿದ್ರ ಆಣಿ ಅರ್ಧಾ ಹಿಡಿತೈತೇನ್ರಿ?"

ಸಾಹೇಬರ ಹಣೆ ಬೆವರಿತು. ಅಷ್ಟು ವರ್ಷದ ವಕಾಲತ್ತಿನಲ್ಲಿ ಸತ್ಯ ಅವರನ್ನು ಈ ಪರಿ ಕಾಡಿದ್ದು ಅದೇ ಮೊದಲು. "ಏನರ ಮಾಡ್ಕೊಳ್ರಿ" ಎಂದು ಒಳಗೆ ಹೋಗಿ ಫ್ಯಾನು ಜೋರು ಮಾಡಿಕೊಂಡರು.

ಇನ್ನು ವಯಸ್ಸಿನದು. ಎಲ್ಲರ ಹಾಗೆ ಅವಳ ಆಧಾರ್ ಕಾರ್ಡಿನಲ್ಲೂ ಜನವರಿ ಒಂದನೇ ತಾರೀಕು ಇತ್ತು. ನಮ್ಮ ಕಡೆ ಹಳ್ಳಿಗಳಲ್ಲಿ ಅರ್ಧ ಜನ ಅವತ್ತೇ ಹುಟ್ಟಿದವರು. ಸೂಲಗಿತ್ತಿಯರಿಗೆ ಆ ದಿನ ಬಹಳ ಕಷ್ಟವಾಗಿರಬೇಕು. ಕಾರ್ಡಿನ ವಯಸ್ಸು ಓದಿದೆ. ಹನುಮಕ್ಕ ಬೆರಳು ಮಡಿಚಿ ಲೆಕ್ಕ ಹಾಕಿ ಗಾಬರಿಯಾದಳು. "ಇದು ಖರೇ ಆದ್ರ ನಾ ಲಂಗ ಹಾಕ್ಕೊಂಡು ಕುಂಟಾಬಿಲ್ಲಿ ಆಡೋವಾಗ ಪಂಪಾಪತಿನ ಹಡದಂಗ ಆತಲ್ರಿ! ಬ್ಯಾಡ, ತಗೀರಿ." ವಯಸ್ಸು ತೆಗೆಯುವಂತಿಲ್ಲ. ನಿಜವಾದದ್ದು ಅವಳಿಗೂ ಗೊತ್ತಿಲ್ಲ. ಕೊನೆಗೆ ವಯಸ್ಸಿನ ಹಿಂದೆ 'ಆಧಾರ್ ಕಾರ್ಡಿನ ಪ್ರಕಾರ' ಎಂದು ಸೇರಿಸಿ, ಸುಳ್ಳಿದ್ದರೆ ಅದು ಸರ್ಕಾರದ್ದು, ನಿನ್ನದಲ್ಲ ಎಂದು ಬಿಡಿಸಿ ಹೇಳಿದೆ. ಸರ್ಕಾರಕ್ಕೆ ಮಗನಿಲ್ಲ ಎಂಬ ಧೈರ್ಯದ ಮೇಲೆ ಒಪ್ಪಿದಳು.

ಎಲ್ಲ ತೆಗೆದು ಹಾಕಿದ ಮೇಲೆ ಉಳಿದದ್ದು ಒಂದು ಹಾಳೆಯೂ ತುಂಬಲಿಲ್ಲ. ಮಗ ಟಿಪ್ಪರ್ ಓಡಿಸುತ್ತಾನೆ, ಮೊದಲು ಸಂಬಳ ತಂದು ತನ್ನ ಕೈಗೇ ಕೊಡುತ್ತಿದ್ದ, ಈಗ ಕೊಡುವುದಿಲ್ಲ, ಸೊಸೆ ಮನೆ ಬಿಟ್ಟು ಹೋಗಿಲ್ಲ, ತನ್ನ ಜೊತೆಗೇ ಇದ್ದಾಳೆ, ಮೊಮ್ಮಗಳಿದ್ದಾಳೆ. ನಡುವೆ ನೀರು, ಜ್ವರ, ಒಣಗುವ ಸೀರೆ. ಸಾಹೇಬರು ಅದನ್ನು ತುದಿಬೆರಳಲ್ಲಿ ಹಿಡಿದು, "ಇದು ಅಫಿಡವಿಟ್ ಅಲ್ಲ, ಊರಿಗೆ ಬರೆದ ಕಾಗದ" ಎಂದರು. ಹನುಮಕ್ಕ ಹೆಬ್ಬೆಟ್ಟು ಒತ್ತಿದಳು. ಬೇವಿನ ಮರದ ಕೆಳಗೆ ಕರೆದೊಯ್ದಾಗ ನೋಟರಿಯವರ ಮುಂದೆ ನಿಂತು, "ನನ್ನ ಮುಖಾ ಒಮ್ಮೆ ನೋಡ್ರಿ, ನೋಡೇನಂತ ಬರದೈತಿ" ಎಂದಳು. ಅವರು ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದರು.

ಸಾಕ್ಷಿಯ ದಿನ ಫೈಲು ಹಿಡಿದು ನಾನೂ ಕೋರ್ಟ್ ಹಾಲಿನಲ್ಲಿದ್ದೆ. ಪಂಪಾಪತಿ ತನ್ನ ವಕೀಲರ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ. ಒಂದೇ ಕೋಣೆಯಲ್ಲಿದ್ದರೂ ತಾಯಿಯನ್ನು ನೋಡಲಿಲ್ಲ. ಹನುಮಕ್ಕ ಕಟಕಟೆ ಏರಿದಳು. ಗುಮಾಸ್ತರು ದೇವರ ಹೆಸರಿನ ಪ್ರಮಾಣ ಹೇಳಿಕೊಟ್ಟರು. ಅವಳು ಹೇಳಿದಳು. ಹೇಳಿ ಮುಗಿಸಿ, ಗಾಳಿಯಲ್ಲಿ ಒಂದು ತಲೆಯಿದೆಯೋ ಎಂಬಂತೆ ಬಲಗೈ ಮುಂದೆ ಚಾಚಿ, "ನನ್ನ ಮಗ ಪಂಪಾಪತಿ ಆಣಿ, ಇದ್ರಾಗ ಒಂದೂ ಸುಳ್ಳಿಲ್ಲ" ಎಂದಳು.

ನ್ಯಾಯಾಧೀಶರು, "ಅಮ್ಮಾ, ದೇವರ ಹೆಸರಿನಲ್ಲಿ ಹೇಳಿದ್ದು ಸಾಕು" ಎಂದರು.

"ನಿಮಗ ಸಾಕ್ರಿ ಸಾಹೇಬ್ರ. ನನಗ ಸಾಕಾಗಂಗಿಲ್ಲ."

ನಾನು ಹಿಂತಿರುಗಿ ನೋಡಿದೆ. ಪಂಪಾಪತಿ ಆಗ ತಲೆಯೆತ್ತಿದ್ದ. ಒಂದು ಕೈ ತಾನಾಗಿ ತಲೆಯ ಮೇಲೆ ಹೋಗಿತ್ತು.

ಎದುರು ವಕೀಲರು ಪಾಟೀಸವಾಲಿಗೆ ಎದ್ದರು. ಜ್ವರದ ಸಾಲು ಅವರಿಗೆ ಬಹಳ ರುಚಿಸಿತ್ತು. "ನಿಮ್ಮನ್ನ ಹೊತ್ತುಕೊಂಡು ದವಾಖಾನೆಗೆ ಒಯ್ದ ಮಗ. ಅಂದ್ರ ಒಳ್ಳೆಯವನೇ ಅಲ್ಲವಾ?"

"ಹೌದ್ರಿ. ನನಗ ಒಳ್ಳೆ ಮಗ."

"ಮತ್ತ ಯಾಕ ಅವನ ವಿರುದ್ಧ ಸಾಕ್ಷಿ ಹೇಳಾಕ ಬಂದೀರಿ?"

"ಮೊಮ್ಮಗಳು ಉಣಬೇಕಲ್ರಿ."

ಎದುರು ವಕೀಲರ ಹತ್ತಿರ ಯಾವಾಗಲೂ ಇರುವ ಕೊನೆಯ ಪ್ರಶ್ನೆ ಒಂದಿದೆ. ಅದೂ ನಮ್ಮ ಸಿದ್ಧ ಅಫಿಡವಿಟ್ಟಿನ ತಮ್ಮನೇ. ಸಾಕ್ಷಿ ಯಾರೇ ಇರಲಿ, ಹೇಳಿದ್ದು ಏನೇ ಇರಲಿ, ಕೂರುವ ಮುಂಚೆ ಅದನ್ನು ಕೇಳಲೇಬೇಕು. ಅವರು ಕೋಟು ಸರಿಮಾಡಿಕೊಂಡು ಶುರು ಮಾಡಿದರು: "ನೀವು ನಿಮ್ಮ ಪ್ರಮಾಣಪತ್ರದಲ್ಲಿ ಹೇಳಿರುವುದೆಲ್ಲ ಸುಳ್ಳು ಎಂದರೆ..."

"ಬ್ಯಾಡ್ರಿ ಸಾರ್!"

ಹಿಂದಿನ ಬೆಂಚಿನಿಂದ ಪಂಪಾಪತಿ ಎದ್ದು ನಿಂತಿದ್ದ. ಬೆಂಚು ಹಿಂದಕ್ಕೆ ಸರಿದು ಸದ್ದಾಯಿತು. "ಸುಳ್ಳು ಅನಬ್ಯಾಡ್ರಿ ಸಾರ್, ಕೈ ಮುಗಿತೀನಿ. ಆಕಿ ನನ್ನ ಮ್ಯಾಲೆ ಆಣಿ ಮಾಡ್ಯಾಳ."

ವಕೀಲರು ಅವನನ್ನು ಕೂರಿಸಲು ನೋಡಿದರು. ಅವರಿಗೆ ಇದೊಂದು ಪ್ರಶ್ನೆ, ಅಷ್ಟೇ. ಅವನಿಗೆ ಲೆಕ್ಕ ಬೇರೆ ಇತ್ತು. ತಾಯಿ ಹೇಳಿದ್ದು ಸುಳ್ಳೆಂದು ಸಾಬೀತಾದರೆ ಕೇಸು ಗೆಲ್ಲುತ್ತಾನೆ, ಆದರೆ ಆಣೆ ಅವನಿಗೆ ತಟ್ಟುತ್ತದೆ. ಗೆದ್ದು ಸಾಯುವುದಕ್ಕಿಂತ ಸೋತು ಬದುಕುವುದು ಅವನಿಗೆ ಮೇಲೆನಿಸಿತು. ನ್ಯಾಯಾಧೀಶರು ಅವನನ್ನು ಮುಂದೆ ಕರೆದು ಕೇಳಿದರು. "ಡ್ರೈವರ್ ಕೆಲಸ ಐತ್ರಿ. ಸಂಬಳ ಬರತೈತ್ರಿ. ಯವ್ವ ಹೇಳಿದ್ದೆಲ್ಲ ಖರೇ ಐತ್ರಿ. ನೀವು ಹೇಳಿದಷ್ಟು ಕೊಡ್ತೀನಿ, ಖರೇ ಅಂತ ಬರಕೊಳ್ರಿ" ಎಂದ. ಅವತ್ತೇ ಅದೆಲ್ಲ ದಾಖಲಾಯಿತು, ತಿಂಗಳು ತಿಂಗಳು ಹೆಂಡತಿ ಮಗಳಿಗೆ ಕೊಡಬೇಕೆಂದು ಆದೇಶವೂ ಆಯಿತು. ನಮ್ಮ ಸಾಹೇಬರು ಹೊರಬಂದು, "ಅಫಿಡವಿಟ್ ಹೆಂಗ ಮಾಡಿದ್ವಿ ನೋಡಿದ್ರೇನು!" ಎಂದು ಎದುರು ವಕೀಲರ ಬೆನ್ನು ತಟ್ಟಿದರು. ಮರುದಿನ ಕಂಪ್ಲಿಯಿಂದ ಬಂದ ಒಬ್ಬಳ ಕಥೆ ಕಣ್ಣು ಮುಚ್ಚಿ ಕೇಳಿ, ಅದನ್ನೇ ಹಾಕಲು ಹೇಳಿದರು. ಆಫೀಸು ಸುಧಾರಿಸಿತು ಎಂದು ನೀವು ತಿಳಿದುಕೊಳ್ಳಬಾರದಲ್ಲ, ಅದಕ್ಕೆ ಹೇಳಿದೆ.

ಆದೇಶವಾದ ಆ ದಿನ ಹನುಮಕ್ಕ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದಳು. ಮಂಜುಳಾ ನೀರು ತರಲು ಹೋಗಿದ್ದಳು. ಪಂಪಾಪತಿ ಬಂದು ಸ್ವಲ್ಪ ದೂರದಲ್ಲಿ ನಿಂತ.

"ಯವ್ವಾ, ಎಲ್ಲಾ ಖರೇನ ಬರಸಿಯಲ್ಲ? ಒಂದರ ಹೆಚ್ಚುಕಮ್ಮಿ..."

"ಇಲ್ಲೋ. ನಿನ್ನ ಜೀವಕ್ಕೇನೂ ಆಗಂಗಿಲ್ಲ. ಉಂಡೀಯೇನು?"

ಅವನು ತಲೆಯಾಡಿಸಿದ. ಹೌದೋ ಅಲ್ಲವೋ ತಿಳಿಯುವಂತಿರಲಿಲ್ಲ. ಸಂಡೂರಿನ ಬಸ್ಸಿನ ಕಡೆ ಹೋದ.

ಅವನು ಗೇಟು ದಾಟುವವರೆಗೂ ನೋಡುತ್ತಿದ್ದ ಹನುಮಕ್ಕ ಥಟ್ಟನೆ ನನ್ನ ಕೈ ಹಿಡಿದಳು.

"ಮೇಡಂ, ವಯಸ್ಸಿನ ಹಿಂದ ಆಧಾರ್ ಪ್ರಕಾರ ಅಂತ ಹಾಕೀರಿ ಹೌದಲ್ರಿ? ಮರತಿಲ್ಲಲ್ಲ?"

ಫೈಲು ಬಿಚ್ಚಿ ನಕಲು ತೋರಿಸಿದೆ. ಅವಳಿಗೆ ಓದಲು ಬರುವುದಿಲ್ಲ. ಅವಳ ಬೆರಳು ಹಿಡಿದು ಆ ಸಾಲಿನ ಮೇಲಿಟ್ಟು, "ಇಲ್ಲೈತಿ ನೋಡು ಯಮ್ಮಾ" ಎಂದೆ. ಬೆರಳನ್ನು ಅಲ್ಲಿಂದ ತೆಗೆಯದೆ ಹನುಮಕ್ಕ ಅಳತೊಡಗಿದಳು. ನನಗೂ ತಡೆಯಲಾಗಲಿಲ್ಲ. ಮಂಜುಳಾ ನೀರು ತಂದು, ನಮ್ಮಿಬ್ಬರನ್ನೂ ನೋಡಿ, ಕೇಸು ಸೋತೆವೇನೋ ಎಂದು ಗಾಬರಿಯಾದಳು.